ಕಿಮೋಥೆರಪಿಯ ದಿನಗಳಲ್ಲಿ ಕಾಲುಗಳ ಚಡಪಡಿಕೆ



ಕ್ಯಾನ್ಸರ್ ರೋಗಕ್ಕೆ ಕಿಮೋಥೆರಪಿ ಪಡೆಯುತ್ತಿರುವವರು ವಾಂತಿ, ಬಾಯಿಹುಣ್ಣು, ಕೂದಲುದುರುವಿಕೆ, ನಿಶ್ಶಕ್ತಿ ಮುಂತಾದವುಗಳನ್ನು ವೈದ್ಯರಲ್ಲಿ ಹೇಳಿಕೊಳ್ಳುತ್ತಾರೆ. ರಾತ್ರಿ ಹಾಸಿಗೆಯ ಮೇಲೆ ಕಾಲು ಚಾಚಿದೊಡನೆ ಆರಂಭವಾಗುವ ಚಡಪಡಿಕೆಯನ್ನು ಮಾತ್ರ ಹೇಳುವವರು ವಿರಳ. ಪ್ರಾಣಕ್ಕೆ ಸಂಬಂಧಿಸಿದ ಚಿಕಿತ್ಸೆ ನಡೆದಿರುವಾಗ ಕಾಲಿನ ಸಣ್ಣ ಬಾಧೆಯನ್ನು ಹೇಳುವುದೇಕೆಂಬ ಸಂಕೋಚ ರೋಗಿಗೆ. ಚಿಂತೆಯಿಂದ ನಿದ್ರೆ ಬರುತ್ತಿಲ್ಲವೆಂಬ ಊಹೆ ಮನೆಯವರಿಗೆ. ಹೀಗೆ ಹಲವು ರಾತ್ರಿಗಳ ನಿದ್ರೆ ಕೆಟ್ಟು, ಊಟ ಸೇರದೆ, ದೇಹ ಸೋತು, "ಈ ಔಷಧವೇ ನನಗೆ ಒಗ್ಗುವುದಿಲ್ಲ" ಎಂಬ ನಿರ್ಧಾರಕ್ಕೆ ಬರುವವರಿದ್ದಾರೆ. "ಆ ಸೂಜಿ ಬಿಡಸ್ರಿ, ನಿಮ್ಮ ಕಷಾಯ ಕೊಡ್ರಿ" ಎಂದು ನಮ್ಮಂತಹ ಆಯುರ್ವೇದ ವೈದ್ಯರನ್ನು ಕೇಳುವವರೂ ಇದ್ದಾರೆ. ಅವರೆಲ್ಲರಿಗೂ ಹೇಳಬೇಕಾದ ಮಾತೊಂದೇ: ಈ ಚಡಪಡಿಕೆಗೆ ಹುಡುಕಬಹುದಾದ ಕಾರಣಗಳಿವೆ, ಸರಿಪಡಿಸಬಹುದಾದ ಉಪಾಯಗಳಿವೆ. ಇದರ ಸಲುವಾಗಿ ಕಿಮೋಥೆರಪಿಯ ಒಂದು ಸುತ್ತನ್ನೂ ತಪ್ಪಿಸಬಾರದು.

ಇದು ಯಾವ ಬಾಧೆ?

"ಕಾಲಾಗ ಇರುವಿ ಹರದಂಗ ಆಗತೈತ್ರಿ, ಸುಮ್ನ ಮಲಗಾಕ ಆಗವಲ್ದು" ಎಂದು ನಮ್ಮ ಕಡೆಯ ಜನ ಇದನ್ನು ವರ್ಣಿಸುವುದುಂಟು. ಮೀನಖಂಡದ ಒಳಗೆ ಏನೋ ಹರಿದಾಡಿದಂತೆ, ಎಳೆದಂತೆ, ಜುಮ್ಮೆಂದಂತೆ ಅನ್ನಿಸಿ, ಕಾಲನ್ನು ಅಲುಗಾಡಿಸದೆ ಇರಲಾರೆನೆಂಬ ಒತ್ತಾಯ ಹುಟ್ಟುತ್ತದೆ. ಆಧುನಿಕ ವೈದ್ಯಶಾಸ್ತ್ರ ಇದನ್ನು 'ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್' ಎಂದು ಕರೆಯುತ್ತದೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇದನ್ನು ವರ್ಣಿಸಿದ್ದರು. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1945ರಲ್ಲಿ ವಿವರವಾಗಿ ನಿರೂಪಿಸಿದರು. ಆದ್ದರಿಂದ ಇದು ಮನಸ್ಸಿನ ಭ್ರಮೆಯೂ ಅಲ್ಲ, ಗಾಳಿ ಸೋಂಕಿನ ಕಾಟವೂ ಅಲ್ಲ.

ಇದನ್ನು ಗುರುತಿಸಲು ನಾಲ್ಕು ಲಕ್ಷಣಗಳಿವೆ. ಒಂದು, ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ಒತ್ತಾಯ. ಎರಡು, ಕುಳಿತಾಗ ಅಥವಾ ಮಲಗಿದಾಗ ಬಾಧೆ ಆರಂಭವಾಗುವುದು, ಇಲ್ಲವೇ ಹೆಚ್ಚುವುದು. ಮೂರು, ಎದ್ದು ನಡೆದಾಡಿದರೆ ನಡೆದಷ್ಟು ಹೊತ್ತು ಶಮನವಾಗುವುದು. ನಾಲ್ಕು, ಹಗಲಿಗಿಂತ ಸಂಜೆ ಮತ್ತು ರಾತ್ರಿ ತೀವ್ರವಾಗುವುದು. ಕೊಟ್ಟೂರಿಗೆ ಪಾದಯಾತ್ರೆ ಮಾಡಿದವರಿಗೆ ಕಾಲುನೋವಿನ ಅನುಭವವಿದೆ. ಆ ನೋವು ಕುಳಿತರೆ ಇಳಿಯುತ್ತದೆ. ಈ ಬಾಧೆ ಕುಳಿತಾಗಲೇ ಏರುತ್ತದೆ. ಈ ವ್ಯತ್ಯಾಸವನ್ನು ನೆನಪಿಟ್ಟರೆ ಮನೆಯವರೇ ಅದನ್ನು ಗುರುತಿಸಬಲ್ಲರು.

ಕಿಮೋಥೆರಪಿಯ ಕಾಲದಲ್ಲಿ ಏಕೆ ಬರುತ್ತದೆ?

ಮೆದುಳಿನಲ್ಲಿ ಚಲನೆಯನ್ನು ಹದಗೊಳಿಸುವ ಡೋಪಮಿನ್ ಎಂಬ ರಾಸಾಯನಿಕವಿದೆ. ಅದರ ಕಾರ್ಯ ಸುಗಮವಾಗಿ ನಡೆಯಲು ಕಬ್ಬಿಣದ ಅಂಶ ಬೇಕು. ಕಬ್ಬಿಣ ಕಡಿಮೆಯಾದರೆ, ಅಥವಾ ಡೋಪಮಿನ್‌ನ ಕಾರ್ಯಕ್ಕೆ ತಡೆಯುಂಟಾದರೆ ಕಾಲುಗಳ ಚಡಪಡಿಕೆ ತಲೆದೋರುತ್ತದೆ. ಕ್ಯಾನ್ಸರ್ ರೋಗಿಯಲ್ಲಿ ಈ ಎರಡೂ ಸಂಭವಿಸಬಹುದು.

ರಕ್ತಸ್ರಾವ, ಆಹಾರ ಸೇರದಿರುವುದು ಮತ್ತು ರೋಗದ ಪ್ರಭಾವದಿಂದ ಕಬ್ಬಿಣದ ಸಂಗ್ರಹ ಕುಗ್ಗುತ್ತದೆ. ನಮ್ಮ ಭಕ್ತವೃಂದ ಬಹುಪಾಲು ಸಸ್ಯಾಹಾರಿ. ಸಸ್ಯಾಹಾರದಲ್ಲಿನ ಕಬ್ಬಿಣ ದೇಹಕ್ಕೆ ಹೀರಲ್ಪಡುವುದು ಸಹಜವಾಗಿಯೇ ಕಡಿಮೆ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸಮಾಧಾನಪಡುವಂತಿಲ್ಲ. 'ಫೆರಿಟಿನ್' ಎಂಬ ಪರೀಕ್ಷೆ ಕಬ್ಬಿಣದ ದಾಸ್ತಾನನ್ನು ತಿಳಿಸುತ್ತದೆ. ಪ್ರಯೋಗಾಲಯದ ವರದಿಯಲ್ಲಿ 30 ಅಥವಾ 40 ಎಂಬ ಅಂಕಿ 'ಸರಿಯಾಗಿದೆ' ಎಂದೇ ಮುದ್ರಿತವಾಗಿರಬಹುದು; ಆದರೆ ಕಾಲುಗಳ ಚಡಪಡಿಕೆ ಇರುವ ವಯಸ್ಕರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ತಜ್ಞರು ಪರಿಗಣಿಸುತ್ತಾರೆ. ಕ್ಯಾನ್ಸರ್‌ನಲ್ಲಿ ಉರಿಯೂತದಿಂದಲೇ ಫೆರಿಟಿನ್ ಏರಿ ನಿಜವಾದ ಕೊರತೆಯನ್ನು ಮರೆಮಾಚುವುದೂ ಉಂಟು. ಆದುದರಿಂದ 'ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್' ಎಂಬ ಪರೀಕ್ಷೆಯನ್ನೂ ಜೊತೆಗೆ ಮಾಡಿಸುತ್ತಾರೆ. ಅದು ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊರತೆಯ ಸೂಚನೆ.

ಎರಡನೆಯ ಕಾರಣ ಔಷಧಗಳು. ವಾಂತಿ ತಡೆಯಲು ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಓಲಂಜಪಿನ್ ಇವು ಡೋಪಮಿನ್‌ಗೆ ತಡೆಯೊಡ್ಡುವಂಥವು. ಒಗ್ಗದಿಕೆ ತಡೆಯಲು ಡ್ರಿಪ್‌ಗೆ ಮೊದಲು ಕೊಡುವ ಫೆನಿರಮಿನ್‌ನಂತಹ ಸೂಜಿಮದ್ದು, ಅಂಗಡಿಯಿಂದ ತರುವ ಕೆಲವು ನೆಗಡಿ ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಸಹ ಬಾಧೆಯನ್ನು ಹೆಚ್ಚಿಸಬಲ್ಲವು. ಜೊತೆಗೆ ಕೊಡುವ ಡೆಕ್ಸಾಮೆಥಸೋನ್ ನಿದ್ರೆಯನ್ನು ಕೆಡಿಸಬಹುದು. ಹಾಗೆಂದು ವಾಂತಿಯ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಆಂಡಾನ್‌ಸೆಟ್ರಾನ್, ಗ್ರ್ಯಾನಿಸೆಟ್ರಾನ್ ಮುಂತಾದ ಬೇರೆ ಬಗೆಯ ಔಷಧಗಳಿವೆ. ಅವುಗಳಲ್ಲಿ ಸೂಕ್ತವಾದುದನ್ನು ಆರಿಸುವುದು, ಡೆಕ್ಸಾಮೆಥಸೋನ್ ಸೇವಿಸುವ ಹೊತ್ತನ್ನು ಬೆಳಗಿಗೆ ಬದಲಿಸುವುದು ವೈದ್ಯರಿಗೆ ಬಿಟ್ಟ ವಿಷಯ. ಕೇಳುವುದು ಮಾತ್ರ ನಮ್ಮ ಕೆಲಸ.

ಬೇರೆ ಕಾಲುಬಾಧೆಗಳು

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್, ವಿನ್‌ಕ್ರಿಸ್ಟಿನ್ ಮುಂತಾದ ಔಷಧಗಳು ನರಗಳಿಗೆ ಹಾನಿ ಮಾಡಿ ಅಂಗಾಲು, ಬೆರಳುಗಳಲ್ಲಿ ಜೋಮು, ಉರಿ, ಮರಗಟ್ಟುವಿಕೆ ತರಬಲ್ಲವು. ಇದು ನಡೆದಾಡಿದರೂ ಇಳಿಯದು. ಇದನ್ನೂ ವೈದ್ಯರಿಗೆ ಬೇಗನೆ ತಿಳಿಸಬೇಕು, ಏಕೆಂದರೆ ಔಷಧದ ಪ್ರಮಾಣವನ್ನು ಹೊಂದಿಸಬೇಕಾಗಬಹುದು. ಬಿ12 ಜೀವಸತ್ವದ ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ. ಅದರಿಂದಲೂ ಇಂತಹ ಜೋಮು ಬರುತ್ತದೆ. ಮೀನಖಂಡ ಗಟ್ಟಿಯಾಗಿ ನುಲಿದು ನೋಯುವುದು ಸ್ನಾಯುಸೆಳೆತ. ಸಿಸ್‌ಪ್ಲಾಟಿನ್ ಪಡೆದವರಲ್ಲಿ ಮೆಗ್ನೀಸಿಯಂ ಕುಸಿದಾಗ ಇದು ಕಾಣಿಸಿಕೊಳ್ಳಬಹುದು.

ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಭವವಿದೆ. ಆ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ ಕ್ಷಣವೂ ತಡಮಾಡಬಾರದು. ಬೆನ್ನುನೋವಿನೊಂದಿಗೆ ಕಾಲುಗಳ ಬಲ ಕುಂದುವುದು, ಮಲಮೂತ್ರಗಳ ಹತೋಟಿ ತಪ್ಪುವುದು ಸಹ ತುರ್ತು ಸ್ಥಿತಿಯೇ.

ಆಯುರ್ವೇದದ ದೃಷ್ಟಿ

ಇದೇ ಹೆಸರಿನ ರೋಗ ನಮ್ಮ ಗ್ರಂಥಗಳಲ್ಲಿ ಇಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 20ನೆಯ ಅಧ್ಯಾಯದಲ್ಲಿ ಹೇಳಿರುವ 80 ವಾತವಿಕಾರಗಳಲ್ಲಿ ಪಾದಸುಪ್ತತೆ, ಮೀನಖಂಡದ ನುಲಿತವಾದ ಪಿಂಡಿಕೋದ್ವೇಷ್ಟನ, ನಿದ್ರೆ ಬಾರದಿರುವ ಅಸ್ವಪ್ನ, ಚಿತ್ತದ ಅಸ್ಥಿರತೆ ಇವೆಲ್ಲವೂ ಸೇರಿವೆ. ಧಾತುಗಳು ಕ್ಷೀಣಿಸಿದಾಗ ವಾತ ಪ್ರಕೋಪಗೊಳ್ಳುವುದೆಂಬ ತತ್ತ್ವವನ್ನು ಇಲ್ಲಿ ಅನ್ವಯಿಸಿ ನೋಡಬಹುದು. ಸ್ನೇಹ, ಮೃದುವಾದ ಉಷ್ಣ, ನಿಯಮಿತ ಆಹಾರ ಮತ್ತು ನಿದ್ರೆ ವಾತಶಮನದ ಮಾರ್ಗಗಳು. ಇವು ಕಿಮೋಥೆರಪಿಗೆ ಜೊತೆಯಾಗಿ ನಿಲ್ಲಬಲ್ಲವೇ ಹೊರತು ಅದರ ಸ್ಥಾನವನ್ನು ತುಂಬಲಾರವು.

ಸೇವಿಸುವ ಔಷಧಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಿಮೋಥೆರಪಿಯ ಹಲವು ಔಷಧಗಳು ಯಕೃತ್ತಿನಲ್ಲಿ ವಿಭಜನೆಗೊಳ್ಳುತ್ತವೆ. ಅದೇ ಸಮಯದಲ್ಲಿ ಅಶ್ವಗಂಧ, ಅಮೃತಬಳ್ಳಿ, ಅರಿಶಿನದ ಸತ್ವದ ಕ್ಯಾಪ್ಸೂಲ್, ಭಸ್ಮಗಳು, ಹೆಸರು ತಿಳಿಯದ ಪುಡಿಗಳು ಸೇರಿದರೆ ಔಷಧದ ಪ್ರಮಾಣ ಏರುಪೇರಾಗಬಹುದು, ಯಕೃತ್ತಿಗೆ ಹಾನಿಯೂ ಆಗಬಹುದು. ಅಡುಗೆಯಲ್ಲಿ ಬಳಸುವ ಅರಿಶಿನಕ್ಕೆ ಈ ಮಾತು ಅನ್ವಯಿಸದು. ಲೋಹಭಸ್ಮ, ಮಂಡೂರಭಸ್ಮಗಳೂ ಕಬ್ಬಿಣವೇ ಆಗಿವೆ. ಆಸ್ಪತ್ರೆಯ ಕಬ್ಬಿಣದ ಮಾತ್ರೆಯೊಂದಿಗೆ ಇವನ್ನು ಕೂಡಿಸಬಾರದು. ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಯಾವ ಆಯುರ್ವೇದ ಔಷಧವನ್ನೂ ಒಳಗೆ ತೆಗೆದುಕೊಳ್ಳಬೇಡಿರೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಮನೆಯಲ್ಲಿ ಮಾಡಬಹುದಾದವು

1. ಪಾದಾಭ್ಯಂಗ: ಮಲಗುವ ಒಂದು ಗಂಟೆ ಮೊದಲು ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಅಂಗಾಲಿನಿಂದ ಮೊಣಕಾಲಿನವರೆಗೆ ಮೆಲ್ಲನೆ, ಹತ್ತು ನಿಮಿಷ ಸವರಬೇಕು, ಒತ್ತಿ ತಿಕ್ಕಬಾರದು. ಪ್ಲೇಟ್‌ಲೆಟ್ ಕಡಿಮೆ ಇರುವವರು, ಕಾಲಿನ ಮೂಳೆಗೆ ರೋಗ ಹರಡಿರುವವರು, ಚರ್ಮದಲ್ಲಿ ಗಾಯ ಅಥವಾ ಊತವಿರುವವರು ವೈದ್ಯರನ್ನು ಕೇಳದೆ ಮಾಡಬಾರದು. ಕೆಪೆಸಿಟಾಬಿನ್ ಮಾತ್ರೆಯಿಂದ ಅಂಗಾಲು ಕೆಂಪಾಗಿ ಉರಿಯುತ್ತಿದ್ದರೆ ಬಿಸಿ ಮತ್ತು ಉಜ್ಜುವಿಕೆ ಎರಡೂ ಬೇಡ. ಎಣ್ಣೆಯ ಕಾಲಿನಿಂದ ಜಾರಿ ಬೀಳದಂತೆ ಒರೆಸಿಕೊಂಡು ಏಳಬೇಕು.

2. ಬಿಸಿನೀರು: ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟರೆ ಹಲವರಿಗೆ ಹಿತವಾಗುತ್ತದೆ. ಕಾಲು ಮರಗಟ್ಟಿರುವವರಿಗೆ ಸುಟ್ಟದ್ದು ತಿಳಿಯದಾದ್ದರಿಂದ ಮನೆಯವರು ಮೊಣಕೈ ಅದ್ದಿ ನೀರಿನ ಬಿಸಿ ನೋಡಬೇಕು. ಕೆಲವರಿಗೆ ತಣ್ಣೀರಿನ ಬಟ್ಟೆ ಹಿತವೆನಿಸಬಹುದು; ಆದರೆ ಆಕ್ಸಾಲಿಪ್ಲಾಟಿನ್ ಪಡೆಯುತ್ತಿರುವವರು ತಂಪನ್ನು ತ್ಯಜಿಸಬೇಕು.

3. ನಡಿಗೆ: ವೈದ್ಯರ ಒಪ್ಪಿಗೆಯಿದ್ದರೆ ಇಳಿಹೊತ್ತಿನಲ್ಲಿ ಅಂಗಳದಲ್ಲಿಯೇ 15–20 ನಿಮಿಷ ನಿಧಾನವಾಗಿ ನಡೆಯಬೇಕು. ಮಲಗುವ ಮುನ್ನ ಮೀನಖಂಡವನ್ನು ಹಿಗ್ಗಿಸುವ ಹಗುರ ವ್ಯಾಯಾಮ ಒಳ್ಳೆಯದು.

4. ಚಹಾ: ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಊಟದೊಡನೆ ಕುಡಿದ ಚಹಾ ಕಬ್ಬಿಣದ ಹೀರುವಿಕೆಯನ್ನು ತಡೆಯುತ್ತದೆ. ಕನಿಷ್ಠ ಒಂದು ಗಂಟೆಯ ಅಂತರವಿರಲಿ. ತಂಬಾಕು, ಮದ್ಯ ಸಂಪೂರ್ಣ ವರ್ಜ್ಯ.

5. ಆಹಾರ: ಸಜ್ಜೆ ರೊಟ್ಟಿ, ಚೆನ್ನಾಗಿ ಬೇಯಿಸಿದ ಕಾಳು, ಸೊಪ್ಪಿನ ಪಲ್ಯ ಇವುಗಳೊಂದಿಗೆ ನಿಂಬೆರಸ ಸೇರಿಸಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಬಾಯಿಹುಣ್ಣು ಇರುವಾಗ ಹುಳಿ, ಖಾರ ಬೇಡ.

6. ಚಿತ್ತದ ನೆಲೆ: ಮನಸ್ಸು ಒಂದು ಕೆಲಸದಲ್ಲಿ ನೆಟ್ಟಾಗ ಈ ಬಾಧೆ ತಗ್ಗುತ್ತದೆ. ವಚನ ಪಠಣ, ಜಪ, ಹೂ ಕಟ್ಟುವುದು, ಮೊಮ್ಮಕ್ಕಳೊಡನೆ ಚೌಕಾಬಾರ ಆಡುವುದು ಯಾವುದಾದರೂ ಸರಿ. ಸಂಜೆಯ ಇಷ್ಟಲಿಂಗ ಪೂಜೆಗೆ ಕುಳಿತಾಗ ಕಾಲು ನಿಲ್ಲದೆಂದು ಕೊರಗುವ ತಾಯಂದಿರಿದ್ದಾರೆ. ಬಾಧೆ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ, ಬೇಕಾದರೆ ಕುರ್ಚಿಯ ಮೇಲೆ ಕುಳಿತು ಪೂಜಿಸಿದರೆ ಭಕ್ತಿಗೆ ಕುಂದಿಲ್ಲ.

ದೂರದ ಪ್ರಯಾಣ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ರೋಗಿಗಳು ಚಿಕಿತ್ಸೆಗಾಗಿ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಹೋಗುತ್ತಾರೆ. ಗಂಟೆಗಟ್ಟಲೆ ಬಸ್ಸಿನಲ್ಲಿ ಕಾಲು ಮಡಚಿ ಕೂರುವುದು ಈ ಬಾಧೆಗೆ ಪ್ರತಿಕೂಲ. ಸಾಧ್ಯವಾದರೆ ರಾತ್ರಿ ಬಸ್ಸಿಗಿಂತ ಹಗಲು ಬಸ್ಸು ಲೇಸು. ನಡುದಾರಿಯ ಕಡೆಯ ಆಸನ ಕೇಳಿ ಪಡೆಯಬೇಕು. ಬಸ್ಸು ನಿಂತ ಕಡೆಯಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಕುಳಿತಲ್ಲಿಯೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ.

ವೈದ್ಯರ ಮುಂದೆ

ದೂರದಿಂದ ಹೋದವರಿಗೆ ವೈದ್ಯರೊಡನೆ ಮಾತಾಡಲು ಸಿಗುವ ಸಮಯ ಅಲ್ಪ. ಆದ್ದರಿಂದ ಒಂದು ಸಣ್ಣ ಪುಸ್ತಕದಲ್ಲಿ ಪ್ರತಿದಿನ ನಾಲ್ಕು ವಿಷಯ ಬರೆದಿಡಿರಿ: ಬಾಧೆ ಆರಂಭವಾದ ಹೊತ್ತು, ನಿದ್ರೆ ಮಾಡಿದ ಗಂಟೆಗಳು, ಅಂದು ನುಂಗಿದ ಎಲ್ಲ ಮಾತ್ರೆಗಳ ಹೆಸರು, ಸೂಜಿ ಪಡೆದ ದಿನಾಂಕ. ಓದುಬರಹ ಬಾರದ ಹಿರಿಯರಿದ್ದರೆ ಮಕ್ಕಳು ಬರೆಯಲಿ. ಪುಸ್ತಕ ತೋರಿಸಿ ಮೂರು ಪ್ರಶ್ನೆ ಕೇಳಿರಿ: ವಾಂತಿಯ ಮಾತ್ರೆ ಬದಲಿಸಬಹುದೇ? ಫೆರಿಟಿನ್, ಬಿ12, ಮೆಗ್ನೀಸಿಯಂ ಪರೀಕ್ಷೆ ಬೇಕೇ? ರಾತ್ರಿಯ ಬಾಧೆಗೆ ಔಷಧ ಉಂಟೇ? ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂತಹ ಔಷಧಗಳೂ, ಅಗತ್ಯವಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೂ ಇವೆ. ಅಂಗಡಿಯಿಂದ ನಿದ್ರೆಯ ಮಾತ್ರೆ ತಂದು ನುಂಗಬೇಡಿರಿ.

ಮನೆಯವರಲ್ಲಿ ಒಂದು ವಿನಂತಿ. ನಡುರಾತ್ರಿ ಎದ್ದು ಪಡಸಾಲೆಯಲ್ಲಿ ಅಡ್ಡಾಡುವವರನ್ನು "ಸುಮ್ಮನೆ ಮಲಗಬಾರದೇ?" ಎಂದು ಗದರಬೇಡಿರಿ. ಅವರು ಮಲಗಲಾರರು. ಒಂದು ದೀಪ ಹಚ್ಚಿಟ್ಟು, ನಡೆಯುವ ದಾರಿಯಲ್ಲಿ ಕಾಲಿಗೆ ತೊಡರುವ ಸಾಮಾನುಗಳನ್ನು ತೆಗೆದು, ಮರುದಿನ ಆ ರಾತ್ರಿಯ ವಿವರವನ್ನು ಪುಸ್ತಕದಲ್ಲಿ ಬರೆಯಿರಿ. ಚಿಕಿತ್ಸೆಯ ಮುಂದಿನ ತಾರೀಖು ತಪ್ಪದಿರಲಿ. ರೋಗಪೀಡಿತರಾದ ಎಲ್ಲ ಬಂಧುಗಳಿಗೂ ಸುಖನಿದ್ರೆಯೂ ಆರೋಗ್ಯವೂ ಲಭಿಸಲೆಂದು ಪ್ರಾರ್ಥಿಸುತ್ತೇನೆ.