ಸೈಲೋ ಉಪಸಂಕುಲಗಳು
ಪರಿಮಿತ ಸಂಕುಲವೊಂದರ ಉಪಸಂಕುಲದ ಧಾತುಸಂಖ್ಯೆಯು ಮೂಲಸಂಕುಲದ ಧಾತುಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವುದೆಂಬ ಲಗ್ರಾಂಜನ ಪ್ರಮೇಯವನ್ನು ಕಂಠಪಾಠ ಮಾಡಿದ ಅಭ್ಯರ್ಥಿಗಳು, ಅದರ ವಿಲೋಮವು ಸತ್ಯವಲ್ಲವೆಂಬುದನ್ನು ಮರೆಯುವುದೇ ಹೆಚ್ಚು; ನಾಲ್ಕು ವಸ್ತುಗಳ ಸಮ ಕ್ರಮಯೋಜನೆಗಳ ಸಂಕುಲದಲ್ಲಿ ಧಾತುಗಳು 12 ಇದ್ದರೂ 6 ಧಾತುಗಳ ಉಪಸಂಕುಲವು ಇಲ್ಲವಷ್ಟೆ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವನು ನಾರ್ವೆಯ ಶಾಲಾ ಉಪಾಧ್ಯಾಯ ಲುಡ್ವಿಗ್ ಸೈಲೋ. ಆತನು 1872ರಲ್ಲಿ ಪ್ರಕಟಿಸಿದ ಪ್ರಮೇಯಗಳ ಪ್ರಕಾರ, ಧಾತುಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯವೊಂದರ ಅತ್ಯುಚ್ಚ ಘಾತದಷ್ಟು ಧಾತುಗಳುಳ್ಳ ಉಪಸಂಕುಲವು, ಅಂದರೆ ಆ ಅವಿಭಾಜ್ಯದ ಸೈಲೋ ಉಪಸಂಕುಲವು, ಇದ್ದೇ ಇರುವುದಲ್ಲದೆ, ಅಂಥವುಗಳ ಎಣಿಕೆಯನ್ನು ಆ ಅವಿಭಾಜ್ಯದಿಂದ ಭಾಗಿಸಲು ಶೇಷವು 1 ಆಗಿರುವುದು. ಈ ಎಣಿಕೆಯು ಧಾತುಸಂಖ್ಯೆಯಲ್ಲಿ ಆ ಘಾತವನ್ನು ಬಿಟ್ಟು ಉಳಿದ ಅಪವರ್ತನವನ್ನೂ ಭಾಗಿಸುವುದು. ಧಾತುಸಂಖ್ಯೆ 15 ಎಂದಿರಲಿ: 5ರ ಸೈಲೋ ಉಪಸಂಕುಲಗಳ ಎಣಿಕೆ 1 ಅಥವಾ 3, ಶೇಷದ ನಿಯಮದಿಂದ 1 ಮಾತ್ರ, 3ರದೂ ಹಾಗೆಯೇ. ಆದಕಾರಣ ಎರಡೂ ಪ್ರಸಾಮಾನ್ಯವಾಗಿ, ಸಂಕುಲವು ಚಕ್ರೀಯವೇ ಆಗತಕ್ಕದ್ದು.