ಅಪಸ್ಮಾರ ಮತ್ತು ಆಕಸ್ಮಿಕ ಮರಣ

ಸಂಜೆಯವರೆಗೆ ಹೊಲದಲ್ಲಿ ದುಡಿದು, ಉಂಡು ಮಲಗಿದ ಯುವಕನೊಬ್ಬನು ಬೆಳಗ್ಗೆ ಹಾಸಿಗೆಯಲ್ಲಿಯೇ ಮೃತನಾಗಿರುತ್ತಾನೆ. ಮೈಮೇಲೆ ಗಾಯವಿಲ್ಲ, ಶವಪರೀಕ್ಷೆಯಲ್ಲಿ ವಿಷವೂ ಕಾಣದು. ಆತನಿಗೆ ಆಗಾಗ ಮೂರ್ಛೆ ಬರುತ್ತಿತ್ತೆಂಬುದೊಂದೇ ಸುಳಿವು. ಇಂತಹ ಸಾವನ್ನು ವಿಧಿಯೆಂದೋ, ಗಾಳಿ ಸೋಕಿತೆಂದೋ ಹೇಳಿ ಜನರು ಸುಮ್ಮನಾಗುವುದುಂಟು. ವೈದ್ಯವಿಜ್ಞಾನವಾದರೋ ಇದನ್ನು ಅಪಸ್ಮಾರ ರೋಗಿಗಳ ಅನಿರೀಕ್ಷಿತ ಮರಣವೆಂದು ಪ್ರತ್ಯೇಕವಾಗಿ ಗುರುತಿಸಿದೆ. ಮೂರ್ಛೆ ಬಂದು ಬಾವಿಗೆ ಬಿದ್ದು ಸಾಯುವುದಾಗಲಿ, ಸೆಳವು ನಿಲ್ಲದೆ ಮುಂದುವರಿದು ಸಾಯುವುದಾಗಲಿ ಈ ವರ್ಗಕ್ಕೆ ಸೇರದು.

ಈ ಮರಣ ಎಷ್ಟು ಅಪರೂಪ? ಪ್ರಾಯಸ್ಥರಾದ 1000 ರೋಗಿಗಳಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಹೀಗೆ ಸಾಯುವರೆಂದು ತಜ್ಞರ ಲೆಕ್ಕ. ಬೆಂಗಳೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಲಕ್ಷಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿದ ಸಮೀಕ್ಷೆಯೊಂದರಲ್ಲಿ 1000 ಜನರಿಗೆ ಸುಮಾರು 9 ಮಂದಿ ಅಪಸ್ಮಾರಿಗಳು ಕಂಡುಬಂದರು. ಹಳ್ಳಿಗಳಲ್ಲಿ ಅವರ ಪ್ರಮಾಣ ನಗರದ ಇಮ್ಮಡಿ. ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ, ಈಗ ಬೇರೆಯಾಗಿರುವ ಹುಲಸೂರು, ಚಿಟಗುಪ್ಪಗಳೂ ಸೇರಿ, 2011ರ ಜನಗಣತಿಯಂತೆ 6 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅದೇ ಪ್ರಮಾಣವನ್ನು ಅನ್ವಯಿಸಿದರೆ ಇಲ್ಲಿ 5000ಕ್ಕೂ ಹೆಚ್ಚು ರೋಗಿಗಳು, ವರ್ಷಕ್ಕೆ ಐದಾರು ಇಂತಹ ಸಾವುಗಳು ಎಂದಾಗುತ್ತದೆ. ಇದು ಅಂದಾಜೇ ಹೊರತು ಎಣಿಕೆಯಲ್ಲ. ಆದರೂ ಅಲಕ್ಷಿಸತಕ್ಕ ಸಂಖ್ಯೆಯಲ್ಲ.

ಇನ್ನು ಕಾರಣಗಳನ್ನು ವಿಚಾರಮಾಡೋಣ. ಮಿದುಳಿನ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ವ್ಯವಹರಿಸುತ್ತವೆ. ಅಸಂಖ್ಯ ಕೋಶಗಳು ಹತೋಟಿ ಮೀರಿ ಏಕಕಾಲದಲ್ಲಿ ಉದ್ರೇಕಗೊಂಡರೆ ಸೆಳವು ಉಂಟಾಗುತ್ತದೆ. ಆಸ್ಪತ್ರೆಗಳಲ್ಲಿ ಯಂತ್ರಗಳ ನಿಗಾದಲ್ಲಿದ್ದಾಗಲೇ ಮೃತರಾದ ಕೆಲವರ ದಾಖಲೆಗಳನ್ನು ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಉಸಿರು, ಹೃದಯಬಡಿತಗಳೆರಡೂ ದಾಖಲಾಗಿದ್ದ 10 ಪ್ರಸಂಗಗಳಲ್ಲಿ ಕಂಡ ಕ್ರಮ ಹೀಗಿದೆ: ಮೊದಲು ಮೈಯೆಲ್ಲ ಸೆಟೆದು ಅದುರುವ ಸೆಳವು, ಅದು ನಿಂತೊಡನೆ ತ್ವರಿತವಾದ ಉಸಿರಾಟ, 3 ನಿಮಿಷಗಳೊಳಗೆ ಉಸಿರೂ ಹೃದಯವೂ ಕುಗ್ಗುವುದು, ಕಡೆಗೆ ಉಸಿರು ನಿಂತು, ಅದರ ಬಳಿಕ ಹೃದಯ ನಿಲ್ಲುವುದು.

ಸೆಳವಿನ ಅನಂತರ ಮಿದುಳು ಬಳಲಿ ಸ್ತಬ್ಧವಾಗುತ್ತದೆ. ಈ ಸ್ತಬ್ಧತೆ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನೂ ಮುಟ್ಟುವುದೇ ಪ್ರಧಾನ ಕಾರಣವೆಂದು ಬಹುಮಂದಿ ತಜ್ಞರು ಭಾವಿಸುತ್ತಾರೆ. ರೋಗಿ ಬೋರಲಾಗಿದ್ದು ಮುಖ ದಿಂಬಿನಲ್ಲಿ ಹುದುಗಿದ್ದರೆ ಗಂಡಾಂತರ ಹೆಚ್ಚು. ಸ್ವಸ್ಥನಾದವನು ಉಸಿರುಕಟ್ಟಿದೊಡನೆ ಎಚ್ಚೆತ್ತು ಹೊರಳುತ್ತಾನೆ, ಈತನಿಗೆ ಆ ಎಚ್ಚರವೇ ಇಲ್ಲ. ಕೆಲವರಲ್ಲಿ ವಂಶಪಾರಂಪರ್ಯವಾಗಿ ಬಂದ ದೋಷವೊಂದು ಮಿದುಳು, ಹೃದಯಗಳೆರಡರ ವಿದ್ಯುತ್ ಕ್ರಿಯೆಯನ್ನೂ ಕೆಡಿಸಿ, ಹೃದಯದ ಲಯ ತಪ್ಪಿಸುವುದುಂಟು. ಎಲ್ಲ ಸಾವುಗಳಿಗೂ ಒಂದೇ ಕಾರಣವಿರಬೇಕೆಂದಿಲ್ಲ.

ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ. ಮೈಯೆಲ್ಲ ಅದುರುವ ಸೆಳವುಗಳು ಹೆಚ್ಚಿದಷ್ಟೂ, ಅದರಲ್ಲೂ ಅವು ರಾತ್ರಿ ನಿದ್ರೆಯಲ್ಲಿ, ಬಳಿಯಲ್ಲಿ ಯಾರೂ ಇಲ್ಲದಾಗ ಬಂದಷ್ಟೂ ಅಪಾಯ ಹೆಚ್ಚು. ಆದುದರಿಂದ ಸೆಳವನ್ನು ತಡೆಯುವುದೇ ಮರಣವನ್ನು ತಡೆಯುವ ಮುಖ್ಯ ಮಾರ್ಗ. ಫೆನೋಬಾರ್ಬಿಟೋನ್, ಫೆನಿಟಾಯಿನ್‌ಗಳಂತಹ ಅಗ್ಗದ ಔಷಧಗಳಿಂದಲೇ ಹಳ್ಳಿಗಳಲ್ಲಿ ಅನೇಕರ ಸೆಳವನ್ನು ಹತೋಟಿಗೆ ತರಬಹುದೆಂಬುದನ್ನು ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಬೀದರ ಸೀಮೆಗೆ ಸುಮಾರು 700 ಕಿಲೋಮೀಟರು ದೂರ. ಗುಳಿಗೆ ಅಷ್ಟು ದೂರದ್ದಲ್ಲ. ನಾಲ್ಕು ತಿಂಗಳು ಸೆಳವು ಬರಲಿಲ್ಲವೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವುದೇ ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು.

ಸೆಳವು ಬಂದವನ ಕೈಗೆ ಕಬ್ಬಿಣ ಕೊಡುವುದರಿಂದ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಬಾಯಲ್ಲಿ ಏನನ್ನೂ ತುರುಕಬಾರದು. ಅದುರುವಿಕೆ ನಿಂತೊಡನೆ ಆತನನ್ನು ಮಗ್ಗುಲಾಗಿ ಮಲಗಿಸಿ, ಪೂರ್ಣ ಎಚ್ಚರವಾಗುವವರೆಗೆ ಉಸಿರನ್ನು ಗಮನಿಸುತ್ತಿರಬೇಕು. ಸೆಳವು 5 ನಿಮಿಷ ಮೀರಿದರೆ, ಇಲ್ಲವೆ ಉಸಿರು ಮರಳದಿದ್ದರೆ, ತಡಮಾಡದೆ 108ಕ್ಕೆ ಕರೆಮಾಡಬೇಕು. ಉಸಿರು ನಿಂತಿದ್ದರೆ ಬಲ್ಲವರು ಎದೆಯನ್ನು ಒತ್ತತೊಡಗಬೇಕು. ಸಾವು ಹತ್ತಿರವಾಗುವ ಆ ಕೆಲವು ನಿಮಿಷಗಳಲ್ಲಿ ರೋಗಿಯ ಬಳಿಯಲ್ಲಿರುವವರು ವೈದ್ಯರಲ್ಲ, ಮನೆಯವರು ಮತ್ತು ಸಹಪಾಠಿಗಳು. ಈ ವಿದ್ಯೆಯನ್ನು ವಿದ್ಯಾರ್ಥಿಗಳೆಲ್ಲರೂ ಕಲಿತಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.