ಪಂಚಾಯಿತಿ, ಕೃಷಿ ಮತ್ತು ಆಹಾರ ಭದ್ರತೆ: ಕೇರಳದ ಮಾದರಿ

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ. 28ನೆಯದು ಸಾರ್ವಜನಿಕ ವಿತರಣೆ (ಈ ಕ್ರಮಸಂಖ್ಯೆಗಳು ನೆನಪಿರಲಿ). ಅಂದರೆ 243ಜಿ ವಿಧಿಯಡಿ ಬೆಳೆಯುವುದು, ಹಂಚುವುದು ಎರಡನ್ನೂ ರಾಜ್ಯಗಳು ಪಂಚಾಯಿತಿಗೆ ವಹಿಸಬಹುದು. ದುಡ್ಡಿಲ್ಲದ ಅಧಿಕಾರ ಕಡತದಲ್ಲೇ ಉಳಿಯುತ್ತದೆ. ಆದ್ದರಿಂದ 1996ರಲ್ಲಿ ‘ಜನಕೀಯ ಯೋಜನೆ’ (ಜನರ ಯೋಜನೆ) ಆರಂಭಿಸಿದ ಕೇರಳ, ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಟ್ಟಿತು.

1998ರಲ್ಲಿ ರಾಜ್ಯದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀ ಬಂತು. ಅದರಡಿ 4ರಿಂದ 10 ಮಹಿಳೆಯರ ಜಂಟಿ ಹೊಣೆಗಾರಿಕೆ ಗುಂಪು ಪಾಳುಬಿದ್ದ ಗದ್ದೆ ಹಿಡಿದು ಭತ್ತ, ಬಾಳೆ, ಮರಗೆಣಸು, ತರಕಾರಿ ಬೆಳೆಯುತ್ತದೆ. ಬ್ಯಾಂಕು ಸಾಲ ಕೊಡುತ್ತದೆ. ಬಿತ್ತನೆಬೀಜ, ಸಲಹೆ ಪಂಚಾಯಿತಿ ಮಟ್ಟದ ಕೃಷಿಭವನದಿಂದ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮಾರುತ್ತಾರೆ. ಇಳುವರಿಯ ಅಂಕಿಗಿಂತ ಇದೇ ದೊಡ್ಡದು: ಕೂಲಿ ಸಿಗದ ದಿನವೂ ಅಡುಗೆಮನೆಗೆ ತರಕಾರಿ ಬರುತ್ತದೆ.

ತೊಡಕು ಜಮೀನಿನದು. ರಾಜ್ಯದ ಭೂಸುಧಾರಣಾ ಕಾಯ್ದೆ ಗೇಣಿಯನ್ನು ನಿಷೇಧಿಸಿರುವುದರಿಂದ ಕರಾರು ಹೆಚ್ಚಾಗಿ ಬಾಯಿಮಾತಿನದು. ಗದ್ದೆ ಹಸನಾದ ಮೇಲೆ ಮಾಲೀಕ ವಾಪಸು ಕೇಳಿದರೆ ತೋರಿಸಲು ಗುಂಪಿನ ಬಳಿ ಕಾಗದವಿರುವುದಿಲ್ಲ.

ಇಷ್ಟಾದರೂ ಅಕ್ಕಿಗೆ ಕೇರಳ ಇಂದಿಗೂ ಹೊರರಾಜ್ಯಗಳನ್ನೇ ನೆಚ್ಚಿದೆ. ಪರೀಕ್ಷೆಯ ಹೇಳಿಕೆ ಆಧಾರಿತ ಪ್ರಶ್ನೆಯಲ್ಲಿ ‘ಅಕ್ಕಿಯಲ್ಲಿ ಸ್ವಾವಲಂಬನೆ’ ಎಂದಿದ್ದರೆ ಅದು ತಪ್ಪು ಹೇಳಿಕೆ.